ಮಗನಿಗೆ ಗೇಟಿನ ಹತ್ತಿರ ನಿಂತು ರೈಲು ನೋಡುವ ಹುಚ್ಚು: ಬಿಡಬಹುದಾ, ನಿಲ್ಲಿಸಬೇಕಾ?

ಪ್ರಶ್ನೆ: ನಮ್ಮದು ರಾಣೆಬೆನ್ನೂರು ಕಡೆಯ ಒಂದು ಊರು. ಮನೆಯಿಂದ ಐದು ನಿಮಿಷ ನಡೆದರೆ ರೈಲ್ವೆ ಗೇಟ್, ಡಬಲ್ ಲೈನ್. ಮಗ ನಾಲ್ಕನೇ ಕ್ಲಾಸು. ದಿನಾ ಸಂಜೆ ಅವನ ಅಜ್ಜನ ಜೊತೆ ಅಲ್ಲಿ ಹೋಗಿ ನಿಲ್ಲದಿದ್ದರೆ ಊಟ ಸೇರುವುದಿಲ್ಲ. ಕಳೆದ ತಿಂಗಳು ಉದ್ದುದ್ದ ಹಳದಿ ಮಷೀನುಗಳು ಬಂದು, ಗೇಟ್ ಬಂದ್ ಮಾಡಿಸಿ, ರಾತ್ರಿಯೆಲ್ಲ ಕೆಲಸ ಮಾಡಿದವು. ಅದಾದ ಮೇಲೆ ಕೆಲವು ದಿನ ರೈಲುಗಳು ಅಲ್ಲಿ ತುಂಬಾ ನಿಧಾನವಾಗಿ ಹೋದವು. ಅಕ್ಕಪಕ್ಕದವರು "ಲೈನ್ ಕೆಟ್ಟಿದೆ, ಮಕ್ಕಳನ್ನ ಆ ಕಡೆ ಬಿಡಬೇಡಿ" ಅಂತಾರೆ. ನಮ್ಮ ಅತ್ತೆಯವರಿಗೆ ಓಡುವ ರೈಲು ಹುಡುಗನನ್ನು ಒಳಗೆ ಎಳೆದುಕೊಂಡುಬಿಡುತ್ತೆ ಅನ್ನುವ ಭಯ. ಮೊನ್ನೆ ಅವನು ಸ್ಕೂಲ್ ಬ್ಯಾಗಿನಲ್ಲಿ ತುಕ್ಕು ಹಿಡಿದ ಒಂದು ಕಬ್ಬಿಣದ ಕ್ಲಿಪ್ ತಂದಿದ್ದ. ಅವನ ಕ್ಲಾಸಿನ ಹುಡುಗರು ಹಳಿ ಮೇಲೆ ನಾಣ್ಯ ಇಡುತ್ತಾರಂತೆ. ಈಗ ಮುಂದಿನ ಸಲ ಮಷೀನ್ ಬಂದಾಗ ಹತ್ತಿರದಿಂದ ನೋಡಲೇಬೇಕು ಅಂತ ಹಠ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಭಯಗಳು ಒಟ್ಟಿಗೆ ಕಲೆತುಕೊಂಡಿವೆ. ಕೆಲವು ನಿಜ, ಕೆಲವು ಸುಮ್ನೆ. ನೀವು ಕೇಳದೇ ಬಿಟ್ಟ ಒಂದು ಭಯವಿದೆ, ಅದೇ ಎಲ್ಲಕ್ಕಿಂತ ದೊಡ್ಡದು. ಅದಕ್ಕೆ ಬರುತ್ತೇನೆ.

ಮೊದಲೇ ಹೇಳಿಬಿಡುತ್ತೇನೆ, ನಿಲ್ಲಿಸಬೇಡಿ. ಆದರೆ ನಿಲ್ಲುವ ಜಾಗ ಬದಲಿಸಿ. ರೈಲು ಬರುವ ಹೊತ್ತಿಗಿಂತ ರೈಲು ಹೋದ ಮೇಲಿನ ಒಂದೆರಡು ನಿಮಿಷ ಜಾಸ್ತಿ ಹುಷಾರಾಗಿರಿ. ನಾನು ಹಳಿ ನಿರ್ವಹಣೆಯ ವಿಭಾಗದಲ್ಲಿ ದುಡಿದು ನಿವೃತ್ತನಾದವನು. ಗೇಟುಗಳಲ್ಲಿ ಯಾರಾದರೂ ಜೀವ ಕಳೆದುಕೊಂಡಾಗ ಸ್ಥಳಕ್ಕೆ ಹೋಗಿ ವಿಚಾರಿಸಿದರೆ ಮತ್ತೆ ಮತ್ತೆ ಕೇಳಿಬರುತ್ತಿದ್ದ ಮಾತು ಒಂದೇ: "ಒಂದು ಗಾಡಿ ಹೋಯ್ತಲ್ಲ, ಇನ್ನೇನು ಅಂತ ದಾಟಿದ್ರು ಸಾರ್."

ರೈಲು ಎಳೆದುಕೊಳ್ಳುತ್ತದೆಯೇ?

ನಿಮ್ಮ ಅತ್ತೆಯವರ ಮಾತನ್ನು ಪೂರ್ತಿ ತಳ್ಳಿಹಾಕಬೇಡಿ. ಅಯಸ್ಕಾಂತದ ಹಾಗೆ ರೈಲು ಯಾರನ್ನೂ ಎಳೆಯುವುದಿಲ್ಲ. ಆದರೆ ಓಡುವ ರೈಲು ತನ್ನ ಜೊತೆಗೇ ಗಾಳಿಯನ್ನೂ ಎಳೆದುಕೊಂಡು ಓಡುತ್ತದೆ. ಮೂತಿ ಹತ್ತಿರ ಬಂದಾಗ ಗಾಳಿ ಹೊರಕ್ಕೆ ತಳ್ಳುತ್ತದೆ. ಬೋಗಿಗಳು ಹಾಯುವಾಗ ರೈಲಿನ ದಿಕ್ಕಿಗೇ ಸೆಳೆಯುತ್ತದೆ. ಕೊನೆಯ ಬೋಗಿ ದಾಟಿದ ಮೇಲೂ ಒಂದು ಸುಳಿ ಎದ್ದು ಧೂಳು ಸುತ್ತುತ್ತದೆ. ಹಳಿಯ ಪಕ್ಕದಲ್ಲೇ ನಿಂತ ದೊಡ್ಡವರೂ ಇದಕ್ಕೆ ಆಯ ತಪ್ಪುತ್ತಾರೆ. ಒಂಬತ್ತು ವರ್ಷದ ಹುಡುಗನ ತೂಕಕ್ಕೆ ಕೇಳಬೇಕೆ? ಬಿಚ್ಚಿದ ಛತ್ರಿ, ಹಾರುವ ಸೆರಗು, ಬೆನ್ನಿನ ಮೇಲಿನ ದೊಡ್ಡ ಚೀಲ ಇದ್ದರಂತೂ ಇನ್ನೂ ಕಷ್ಟ.

ಎಲ್ಲರೂ ವಂದೇ ಭಾರತ್ ಬಂದಾಗ ಮಾತ್ರ ಹೆದರಿ ಹಿಂದೆ ಸರಿಯುತ್ತಾರೆ. ಅದರ ಮೂತಿ ಚೂಪು, ಮೈ ನಯ. ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ. ಗೂಡ್ಸ್ ಗಾಡಿಯಲ್ಲಿ ವ್ಯಾಗನ್ನುಗಳ ನಡುವೆ ಸಂದು, ಮೈಯೆಲ್ಲ ಮೂಲೆ. ಅಷ್ಟೇ ವೇಗಕ್ಕೆ ಅದು ಎಬ್ಬಿಸುವ ಗಾಳಿ ಜಾಸ್ತಿ ಒರಟು. ಹಾಗಾಗಿ "ಗೂಡ್ಸ್ ತಾನೇ" ಅಂತ ಮುಂದೆ ಸರಿಯುವ ಅಭ್ಯಾಸ ಬೇಡ.

ಇನ್ನೊಂದು ಲೆಕ್ಕ ಹುಡುಗನಿಗೆ ಹೇಳಿ, ಖುಷಿಪಡುತ್ತಾನೆ. ನಮ್ಮ ಬ್ರಾಡ್‌ಗೇಜಿನಲ್ಲಿ ಎರಡು ಹಳಿಗಳ ನಡುವಿನ ಅಂತರ 1676 ಮಿಲಿಮೀಟರ್. ಬೋಗಿಯ ಅಗಲ ಸುಮಾರು 3240 ಮಿಲಿಮೀಟರ್. ಅಂದರೆ ಬೋಗಿ ಪ್ರತಿ ಕಡೆಗೂ ಹಳಿಯಿಂದ ಮುಕ್ಕಾಲು ಮೀಟರಿನಷ್ಟು ಹೊರಗೆ ಚಾಚಿರುತ್ತದೆ. ಖಾಲಿ ಹಳಿ ನೋಡಿಕೊಂಡು "ಇಷ್ಟು ದೂರ ಸಾಕು" ಅಂತ ನಿಂತವರು ರೈಲು ಬಂದಾಗ ಬೆಚ್ಚಿಬೀಳುವುದು ಇದಕ್ಕೇ. ನನ್ನ ಲೆಕ್ಕದಲ್ಲಿ ಹತ್ತಿರದ ಹಳಿಯಿಂದ ಕನಿಷ್ಠ 5 ಮೀಟರ್ ಇರಲಿ. ಮಗು ಜೊತೆಗಿದ್ದರೆ 10. ಹತ್ತು ಮೀಟರ್ ಹಿಂದೆ ನಿಂತರೆ ನೋಟವೂ ಚೆನ್ನಾಗಿರುತ್ತದೆ. ಇಂಜಿನ್ನಿನಿಂದ ಹಿಡಿದು ಚಕ್ರದವರೆಗೆ ಎಲ್ಲ ಒಟ್ಟಿಗೆ ಕಣ್ಣಿಗೆ ಬೀಳುತ್ತದೆ. ಗೇಟಿನ ಬೂಮಿಗೆ, ಅಂದರೆ ಅಡ್ಡಕಂಬಕ್ಕೆ, ಒರಗಿ ನಿಂತರೆ ಬರೀ ಕಿಟಕಿಗಳು ಸರ್ರನೆ ಹಾಯುತ್ತವೆ ಅಷ್ಟೇ. ರೈಲಿನಿಂದ ಜನ ಎಸೆಯುವ ನೀರಿನ ಬಾಟಲಿ, ಎಳನೀರು ಬುರುಡೆ ತಗಲುವ ಅಪಾಯವೂ ದೂರದಲ್ಲಿ ಕಡಿಮೆ. ಬಾಟಲಿ ಹಗುರ ಅಂದುಕೊಳ್ಳಬೇಡಿ. ಅದು ರೈಲಿನ ವೇಗದಲ್ಲೇ ಬರುತ್ತದೆ.

ನೀವು ಕೇಳದ ಭಯ: ಎರಡನೇ ರೈಲು

ಗೂಡ್ಸ್ ಗಾಡಿಯೊಂದು ಹೋಗುತ್ತಿದೆ ಅಂದುಕೊಳ್ಳಿ. 58 ವ್ಯಾಗನ್, ಇಂಜಿನ್ ಸೇರಿ ಸುಮಾರು 650 ಮೀಟರ್ ಉದ್ದ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದು ನಿಮ್ಮನ್ನು ದಾಟಲು 40 ಸೆಕೆಂಡ್ ಬೇಕು. ಆ 40 ಸೆಕೆಂಡಿನಲ್ಲಿ ಪಕ್ಕದ ಲೈನಿನಲ್ಲಿ 110ರ ವೇಗದಲ್ಲಿ ಬರುವ ಎಕ್ಸ್‌ಪ್ರೆಸ್ ಒಂದೂಕಾಲು ಕಿಲೋಮೀಟರಿನಷ್ಟು ಹತ್ತಿರ ಬಂದಿರುತ್ತದೆ. ಗೂಡ್ಸ್ ಅಡ್ಡ ಇರುವುದರಿಂದ ಅದು ಕಾಣುವುದಿಲ್ಲ. ವ್ಯಾಗನ್ನುಗಳ ಗಡಗಡ ಸದ್ದಿನಲ್ಲಿ ಅದರ ಹಾರ್ನ್ ಕೂಡ ಮುಳುಗಿಹೋಗುತ್ತದೆ. ಗೂಡ್ಸಿನ ಬಾಲ ದಾಟುತ್ತಿದ್ದ ಹಾಗೇ ಜನ ಬೂಮ್ ಕೆಳಗೆ ಬಗ್ಗಿ ನುಗ್ಗುತ್ತಾರೆ. ಸೈಕಲ್ ಒರಗಿಸಿ ನುಸುಳುತ್ತಾರೆ. ಬೈಕನ್ನು ಅಡ್ಡ ಮಲಗಿಸಿ ಎಳೆಯುತ್ತಾರೆ.

ಅಲ್ಲೇ ಆಗುವುದು ಅನಾಹುತ. ಕಂಡ ರೈಲಿನಿಂದಲ್ಲ, ಕಾಣದ ರೈಲಿನಿಂದ.

ಲೋಕೋ ಪೈಲಟ್ ನೋಡಿದರೂ ಏನೂ ಮಾಡಲಾಗದು. ಆ ವೇಗದ ರೈಲು ನಿಲ್ಲಲು ಒಂದು ಕಿಲೋಮೀಟರಿನ ಹತ್ತಿರ ಬೇಕು. ಗೇಟಿಗಿಂತ ಕನಿಷ್ಠ 600 ಮೀಟರ್ ಮುಂಚೆ ಹಳಿ ಪಕ್ಕದಲ್ಲಿ ಒಂದು ಹಳದಿ ಬೋರ್ಡ್ ಇರುತ್ತದೆ, ಅದು ವಿಸಲ್ ಬೋರ್ಡ್. ಅಲ್ಲಿಂದ ಪೈಲಟ್ ಉದ್ದಕ್ಕೆ ಹಾರ್ನ್ ಕೊಡಲು ಶುರು ಮಾಡುತ್ತಾರೆ. 110ರಲ್ಲಿ 600 ಮೀಟರ್ ಅಂದರೆ 20 ಸೆಕೆಂಡ್. ಹಾರ್ನ್ ಕೇಳಿದ ಮೇಲೆ ನಿಮಗೆ ಸಿಗುವುದು ಅಷ್ಟೇ. ಡೀಸೆಲ್ ಇಂಜಿನ್ನಾದರೆ ದೂರದಿಂದಲೇ ಸದ್ದು ಕೊಡುತ್ತಿತ್ತು. ಈಗಿನ ಕರೆಂಟ್ ಇಂಜಿನ್ ಬಹಳ ಮೆತ್ತಗೆ ಬಂದುಬಿಡುತ್ತದೆ. ಹಳೆ ಕಾಲದ ಟಕ್-ಟಕ್ ಸದ್ದೂ ಈಗ ಕಡಿಮೆ. ಮೊದಲು 13 ಮೀಟರಿಗೊಂದು ಕೂಡು ಇರುತ್ತಿತ್ತು, ಈಗ ಹಳಿಗಳನ್ನು ಬೆಸೆದು ಕಿಲೋಮೀಟರ್‌ಗಟ್ಟಲೆ ಒಂದೇ ಮಾಡಿರುತ್ತಾರೆ. ಹಾಗಾಗಿ "ಕಿವಿಗೆ ಕೇಳಿಸಲಿಲ್ಲ, ರೈಲು ಇಲ್ಲ" ಅನ್ನುವ ಅಜ್ಜಂದಿರ ಲೆಕ್ಕ ಈಗ ನಡೆಯುವುದಿಲ್ಲ. ಇದನ್ನು ನಿಮ್ಮ ಮಾವನವರಿಗೂ ದಯವಿಟ್ಟು ಹೇಳಿ. ಅವರು ಕೇಳಿ ಬೆಳೆದ ರೈಲು ಬೇರೆ.

ಮನೆಯಲ್ಲಿ ಒಂದೇ ನಿಯಮ ಮಾಡಿಕೊಳ್ಳಿ. ಬೂಮ್ ಪೂರ್ತಿ ಮೇಲೆದ್ದು ನಿಲ್ಲುವ ತನಕ ಹೆಜ್ಜೆ ಎತ್ತುವ ಹಾಗಿಲ್ಲ. ಅಕ್ಕಪಕ್ಕದವರೆಲ್ಲ ನುಗ್ಗಿದರೂ ಸರಿ. ಬೂಮ್ ಎದ್ದ ಮೇಲೂ ಎರಡೂ ಕಡೆ ನೋಡಿ ದಾಟಬೇಕು.

"ಗೇಟ್‌ಮನ್ ಸುಮ್ನೆ ಹತ್ತು ನಿಮಿಷ ಮುಂಚೆ ಹಾಕ್ತಾನೆ" ಅನ್ನುವುದು ಎಲ್ಲ ಊರಿನಲ್ಲೂ ಕೇಳುವ ದೂರು. ಹೆಚ್ಚಿನ ಕಡೆ ಅದು ಅವರ ಕೈಲಿಲ್ಲ. ಇಂಟರ್‌ಲಾಕ್ ಇರುವ ಗೇಟಿನಲ್ಲಿ ಬೂಮ್ ಇಳಿದು ಲಾಕ್ ಆಗುವ ತನಕ ರೈಲಿಗೆ ಸಿಗ್ನಲ್ ಬೀಳುವುದೇ ಇಲ್ಲ. ವೇಗದ ರೈಲು ಬ್ರೇಕ್ ಹಾಕದೇ ಬರಬೇಕಾದರೆ ಅದಕ್ಕೆ ಬಹಳ ದೂರದಿಂದಲೇ ಹಸಿರು ಕಾಣಬೇಕು. ಅಂದರೆ ಗೇಟ್ ಅಷ್ಟು ಮುಂಚೆ ಹಾಕಲೇಬೇಕು. ಒಮ್ಮೆ ಸಿಗ್ನಲ್ ಕೊಟ್ಟ ಮೇಲೆ ಅದನ್ನು ವಾಪಸ್ ತೆಗೆಯದೆ ಗೇಟ್ ತೆರೆಯಲು ಬರುವುದಿಲ್ಲ. ಇಂಟರ್‌ಲಾಕ್ ಇಲ್ಲದ ಗೇಟುಗಳಲ್ಲಿ ಸ್ಟೇಷನ್ ಮಾಸ್ಟರ್ ಫೋನ್ ಮಾಡುತ್ತಾರೆ. ಗೇಟ್ ಹಾಕಿದೆ ಅನ್ನುವುದಕ್ಕೆ ಗುರುತಾಗಿ ಗೇಟ್‌ಮನ್ ಒಂದು ಪ್ರೈವೇಟ್ ನಂಬರ್ ಕೊಡಬೇಕು. ಅಲ್ಲಿ ಎಲ್ಲವೂ ಮನುಷ್ಯರ ಎಚ್ಚರದ ಮೇಲೆ ನಿಂತಿದೆ. 2025ರ ಜುಲೈನಲ್ಲಿ ತಮಿಳುನಾಡಿನ ಕಡಲೂರು ಹತ್ತಿರ ಶಾಲಾ ವ್ಯಾನಿಗೆ ರೈಲು ಬಡಿದು ಮಕ್ಕಳು ತೀರಿಕೊಂಡರಲ್ಲ, ಅದು ಇಂಟರ್‌ಲಾಕ್ ಇಲ್ಲದ ಗೇಟು. ನಿಮ್ಮ ಊರಿನ ಗೇಟ್ ಯಾವ ಥರದ್ದು ಅಂತ ಗೇಟ್‌ಮನ್‌ರನ್ನು ಕೇಳಿ, ಹೇಳುತ್ತಾರೆ. ಗೇಟ್ ತೆರೆಯಿರಿ ಅಂತ ಅವರ ಮೇಲೆ ಗಲಾಟೆ ಮಾಡುವವರ ಜೊತೆ ಮಾತ್ರ ಸೇರಬೇಡಿ. ಮುಚ್ಚಿದ ಗೇಟನ್ನು ರೈಲ್ವೆಯವರಲ್ಲದವರು ತೆರೆದರೆ 1989ರ ರೈಲ್ವೆ ಕಾಯ್ದೆಯ 160ನೇ ಸೆಕ್ಷನ್ ಪ್ರಕಾರ ಮೂರು ವರ್ಷದ ತನಕ ಜೈಲು, ಮುರಿದರೆ ಐದು ವರ್ಷದ ತನಕ.

ಗೇಟಿನ ಹತ್ತಿರ ರೈಲಿಗಿಂತ ದಿನನಿತ್ಯ ಜಾಸ್ತಿ ಪೆಟ್ಟು ಕೊಡುವುದು ಬೈಕುಗಳು. ಗೇಟ್ ಬಿದ್ದಾಗ ಎರಡೂ ಕಡೆ ರಸ್ತೆಯ ಪೂರ್ತಿ ಅಗಲಕ್ಕೆ ಬೈಕು, ಟಂಟಂ, ಟ್ರ್ಯಾಕ್ಟರ್ ತುಂಬಿಕೊಳ್ಳುತ್ತವೆ. ಬೂಮ್ ಎದ್ದ ಕೂಡಲೇ ಎರಡೂ ಕಡೆಯಿಂದ ಎದುರುಬದುರು ನುಗ್ಗುತ್ತವೆ. ಕಬ್ಬಿನ ಲೋಡಿನ ಟ್ರ್ಯಾಕ್ಟರ್ ಹಿಂದಕ್ಕೆ ಜಾರುವುದೂ ಉಂಟು, ಯಾಕೆಂದರೆ ಗೇಟಿನ ಹತ್ತಿರ ರಸ್ತೆ ಸಾಮಾನ್ಯವಾಗಿ ಏರು. ಆದ್ದರಿಂದ ರಸ್ತೆ ಮೇಲೆ ವಾಹನಗಳ ನಡುವೆ ನಿಲ್ಲಲೇಬೇಡಿ. ರಸ್ತೆ ಬಿಟ್ಟು ಪಕ್ಕಕ್ಕೆ, ಯಾವುದಾದರೂ ಅಂಗಡಿ ಕಟ್ಟೆಯೋ ಮರದ ಬುಡವೋ ನೋಡಿಕೊಳ್ಳಿ. ಗೇಟ್ ತೆರೆದ ಮೇಲೂ ದಟ್ಟಣೆ ಕರಗುವ ತನಕ ಅಲ್ಲೇ ಇರಿ.

ಹಳದಿ ಮಷೀನು ಮಾಡಿದ್ದೇನು?

ಈಗ ನಿಮ್ಮ ಮಗನಿಗೆ ಇಷ್ಟದ ವಿಷಯ. ನನಗೂ ಇಷ್ಟದ್ದು.

ಹಳಿಯ ಕೆಳಗಿನ ಜಲ್ಲಿ ಸುಮ್ನೆ ಸುರಿದ ಕಲ್ಲಲ್ಲ. ಗಟ್ಟಿ ಕಲ್ಲನ್ನು ಹೆಚ್ಚೆಂದರೆ 65 ಮಿಲಿಮೀಟರ್ ಗಾತ್ರಕ್ಕೆ ಒಡೆದು, ಸ್ಲೀಪರ್ (ಹಳಿಗಳನ್ನು ಹೊತ್ತ ಅಡ್ಡ ತೊಲೆ) ಕೆಳಗೆ ಸುಮಾರು ಒಂದು ಅಡಿ ದಪ್ಪಕ್ಕೆ ಹಾಕಿರುತ್ತಾರೆ. ಕಲ್ಲಿನ ಮೂಲೆಗಳು ಒಂದಕ್ಕೊಂದು ಕಚ್ಚಿಕೊಂಡು ರೈಲಿನ ಭಾರ ಹೊರುತ್ತವೆ, ನೀರನ್ನು ಕೆಳಗೆ ಬಿಡುತ್ತವೆ. ರೈಲು ಓಡಿ ಓಡಿ ಮೂಲೆ ಸವೆಯುತ್ತದೆ, ಜಲ್ಲಿ ಕುಸಿಯುತ್ತದೆ, ಸ್ಲೀಪರ್ ಕೆಳಗೆ ಟೊಳ್ಳಾಗುತ್ತದೆ. ಹುಡುಗನಿಗೆ ಒಂದು ಕೆಲಸ ಕೊಡಿ. ಹತ್ತು ಮೀಟರ್ ದೂರದಿಂದಲೇ, ರೈಲು ಹೋಗುವಾಗ ಒಂದೇ ಸ್ಲೀಪರನ್ನು ದಿಟ್ಟಿಸಿ ನೋಡಲಿ. ಪ್ರತಿ ಚಕ್ರಕ್ಕೂ ಅದು ಇಳಿದು ಏಳುವುದು ಕಣ್ಣಿಗೆ ಕಂಡರೆ, ಕೆಳಗೆ ಟೊಳ್ಳಾಗಿದೆ ಅಂತ. ಮಳೆಗಾಲದಲ್ಲಿ ಅಲ್ಲಿಂದ ಕೆಸರು ಪಿಚಕ್ಕನೆ ಚಿಮ್ಮುತ್ತದೆ. ಬಿಸಿಲು ಬಂದಾಗ ಆ ಕೆಸರು ಒಣಗಿ ಜಲ್ಲಿಯ ಮೇಲೆ ಬೂದು ಬಣ್ಣದ ಪಟ್ಟಿಯಾಗಿ ಕೂರುತ್ತದೆ. ನಾವು ಲೈನ್ ಮೇಲೆ ನಡೆಯುವಾಗ ಕಣ್ಣು ಹುಡುಕುತ್ತಿದ್ದುದೇ ಆ ಪಟ್ಟಿಯನ್ನು.

ಗೇಟ್ ಇರುವ ಜಾಗ ಉಳಿದ ಲೈನಿಗಿಂತ ಬೇಗ ಕೆಡುತ್ತದೆ. ವಾಹನಗಳ ಟೈರು ಮಣ್ಣು ತಂದು ಹಾಕುತ್ತದೆ. ನಿಮ್ಮ ಕಡೆ ಎರೆ ಮಣ್ಣು ಬೇರೆ, ಒದ್ದೆಯಾದರೆ ಅಂಟು. ಅದು ಜಲ್ಲಿಯ ಸಂದಿಗೆ ಇಳಿದರೆ ನೀರು ಹರಿಯುವುದೇ ನಿಂತುಹೋಗುತ್ತದೆ. ಮೇಲೆ ರಸ್ತೆ ಮುಚ್ಚಿರುವುದರಿಂದ ಏನಾಗಿದೆ ಅಂತ ಕಾಣುವುದೂ ಇಲ್ಲ. ಆದ್ದರಿಂದಲೇ ಕಾಲಕಾಲಕ್ಕೆ ಗೇಟ್ ಬಂದ್ ಮಾಡಿ, ರಸ್ತೆಗೆ ಹಾಸಿದ ಬ್ಲಾಕುಗಳನ್ನು ಕಿತ್ತು, ಹಳಿ ಪಕ್ಕಕ್ಕೆ ಜೋಡಿಸಿದ ಇನ್ನೊಂದು ಹಳಿ (ಚೆಕ್ ರೇಲ್) ಬಿಚ್ಚಿ, ಎಲ್ಲ ನೋಡಿ, ಜಲ್ಲಿ ಕುಟ್ಟಿ ಮತ್ತೆ ಮುಚ್ಚಬೇಕು. ರಸ್ತೆ ಕೀಳದೆ ಮಷೀನು ಅಲ್ಲಿ ಕೆಲಸ ಮಾಡಲು ಬರುವುದಿಲ್ಲ.

ನೀವು ನೋಡಿದ ಉದ್ದನೆಯದು ಬಹುಪಾಲು ಟ್ಯಾಂಪಿಂಗ್ ಮಷೀನ್. ಪ್ಲಾಸರ್ ಕಂಪನಿಯ ಮಷೀನುಗಳು ನಮ್ಮಲ್ಲಿ ಜಾಸ್ತಿ. ಅದರ ಹೊಟ್ಟೆಯ ಕೆಳಗೆ ಉದ್ದ ಬೆರಳುಗಳಂಥ ಉಕ್ಕಿನ ಟೂಲುಗಳು ಜೋಡಿ ಜೋಡಿಯಾಗಿ ಇಳಿಬಿದ್ದಿರುತ್ತವೆ. ಮಷೀನು ಮೊದಲು ಹಳಿಯನ್ನು ಹಿಡಿದು ಬೇಕಾದಷ್ಟು ಮಿಲಿಮೀಟರ್ ಎತ್ತುತ್ತದೆ. ಸೊಟ್ಟ ಇದ್ದರೆ ಪಕ್ಕಕ್ಕೆ ಸರಿಸಿ ನೇರ ಮಾಡುತ್ತದೆ. ಆಮೇಲೆ ಟೂಲುಗಳು ಸ್ಲೀಪರಿನ ಎರಡೂ ಬದಿಗೆ ಜಲ್ಲಿಯೊಳಗೆ ಧುಮುಕುತ್ತವೆ. ಸೆಕೆಂಡಿಗೆ 35 ಸಲದಷ್ಟು ನಡುಗುತ್ತ, ಎರಡೂ ಕಡೆಯಿಂದ ಕಲ್ಲನ್ನು ಸ್ಲೀಪರ್ ಕೆಳಕ್ಕೆ ಒತ್ತುತ್ತವೆ. ಮೇಲೆದ್ದು ಮುಂದಿನ ಸ್ಲೀಪರಿಗೆ. ಹೊಸ ಲೈನಿನಲ್ಲಿ ಕಿಲೋಮೀಟರಿಗೆ 1660 ಸ್ಲೀಪರ್ ಇರುತ್ತವೆ, ಅಂದರೆ 60 ಸೆಂಟಿಮೀಟರಿಗೊಂದು. ಕೆಲವು ಮಷೀನುಗಳು ಒಟ್ಟಿಗೆ ಎರಡು, ಮೂರು ಸ್ಲೀಪರ್ ಹಿಡಿಯುತ್ತವೆ. ಕೆಲವದರಲ್ಲಿ ಮಷೀನು ನಿಲ್ಲದೆ ಮೆಲ್ಲಗೆ ಸಾಗುತ್ತಿರುತ್ತದೆ, ಒಳಗಿನ ಟೂಲುಗಳ ಚೌಕಟ್ಟು ಮಾತ್ರ ಹಿಂದೆ ಮುಂದೆ ಓಡುತ್ತಿರುತ್ತದೆ. ಅದನ್ನು ಒಮ್ಮೆ ನೋಡಿದರೆ ಮಗುವಿಗಿರಲಿ, ದೊಡ್ಡವರಿಗೂ ಅಲ್ಲಿಂದ ಕದಲಲು ಮನಸ್ಸಾಗುವುದಿಲ್ಲ.

ಅದರ ಜೊತೆ ಇನ್ನೆರಡು ಬಂದಿರಬಹುದು. ನೇಗಿಲಿನಂಥ ಅಗಲ ರೆಕ್ಕೆಗಳಿರುವುದು ಜಲ್ಲಿಯನ್ನು ಬಾಚಿ ಬದಿಗೆ ಒಪ್ಪ ಮಾಡುತ್ತದೆ. ಇನ್ನೊಂದು ಸ್ಟೆಬಿಲೈಜರ್. ಅದು ಹಳಿಯನ್ನು ಹಿಡಿದು ಅಡ್ಡಡ್ಡ ಅಲುಗಿಸುತ್ತ, ಮೇಲಿಂದ ಒತ್ತುತ್ತ ಮೆಲ್ಲಗೆ ಸಾಗುತ್ತದೆ. ಸೇರಿನಲ್ಲಿ ಜೋಳ ತುಂಬಿ ಪಕ್ಕಕ್ಕೆ ತಟ್ಟಿದರೆ ಕಾಳು ಇಳಿದು ಕೂರುತ್ತದಲ್ಲ, ಹಾಗೆ ಜಲ್ಲಿ ಕೂರುತ್ತದೆ.

ನಿಮ್ಮ ಅಕ್ಕಪಕ್ಕದವರು ತಪ್ಪು ತಿಳಿದಿರುವುದು ಇಲ್ಲೇ. ಕುಟ್ಟಿದ ಮೇಲೆ ಹಳಿ ನೇರವಾಗಿರುತ್ತದೆ ನಿಜ, ಆದರೆ ಹೊಸದಾಗಿ ಕದಡಿದ ಜಲ್ಲಿಯ ಹಿಡಿತ ಸಡಿಲವಾಗಿರುತ್ತದೆ. ಉದ್ದಕ್ಕೆ ಬೆಸೆದ ಹಳಿ ಬಿಸಿಲಿಗೆ ಹಿಗ್ಗಲು ನೋಡುತ್ತದೆ. ಒಂದು ಕಿಲೋಮೀಟರ್ ಹಳಿ ಬಿಡಿಯಾಗಿ ಬಿದ್ದಿದ್ದರೆ, 30 ಡಿಗ್ರಿ ಬಿಸಿ ಏರಿದಾಗ 34 ಸೆಂಟಿಮೀಟರ್ ಉದ್ದವಾಗುತ್ತಿತ್ತು. ಅದನ್ನು ಹಿಗ್ಗಲು ಬಿಡದೆ ಹಿಡಿದಿಡುವುದು ಸ್ಲೀಪರ್, ಕ್ಲಿಪ್ ಮತ್ತು ಜಲ್ಲಿ. ಜಲ್ಲಿಯ ಹಿಡಿತ ಕಡಿಮೆ ಇರುವಾಗ ವೇಗದ ರೈಲು ಬಿಟ್ಟರೆ ಹಳಿ ಪಕ್ಕಕ್ಕೆ ಬಾಗುವ ಅಪಾಯವಿದೆ. ಆದ್ದರಿಂದ ಕೆಲವು ದಿನ ಕಾಶನ್ ಹಾಕುತ್ತಾರೆ, ಅಂದರೆ ಇಲ್ಲಿ ಇಷ್ಟೇ ವೇಗ ಅಂತ ಪೈಲಟ್‌ಗೆ ಬರೆದುಕೊಡುತ್ತಾರೆ. ಹಳಿ ಪಕ್ಕದಲ್ಲಿ ವೇಗ ಬರೆದ ಹಳದಿ ಬೋರ್ಡ್ ನಿಲ್ಲಿಸುತ್ತಾರೆ. ಜಲ್ಲಿ ಕೂತ ಹಾಗೆ ವೇಗವನ್ನು ಹಂತ ಹಂತವಾಗಿ ಏರಿಸುತ್ತಾರೆ. ನಿಮ್ಮ ಊರಿನಲ್ಲಿ ರೈಲು ನಿಧಾನವಾದದ್ದು ಲೈನ್ ಕೆಟ್ಟಿದ್ದಕ್ಕಲ್ಲ, ಸರಿ ಮಾಡಿದ್ದಕ್ಕೆ. ಹಳಿಯ ಬಿಸಿ ಒಂದು ಮಿತಿ ದಾಟಿದರೆ ಈ ಕೆಲಸ ಮಾಡುವ ಹಾಗೇ ಇಲ್ಲ. ರಾತ್ರಿ ಮಾಡುವುದಕ್ಕೆ ಅದೂ ಒಂದು ಕಾರಣ.

ಕ್ಲಿಪ್ಪು, ನಾಣ್ಯ

ಮಗ ತಂದದ್ದು ಹಳಿಯನ್ನು ಸ್ಲೀಪರಿಗೆ ಅದುಮಿ ಹಿಡಿಯುವ ಕ್ಲಿಪ್. ಪ್ಯಾಂಡ್ರಾಲ್ ಕ್ಲಿಪ್ ಅಂತಲೇ ಎಲ್ಲರೂ ಕರೆಯುವುದು. ಕೈಯಲ್ಲಿ ಹಿಡಿದರೆ ಒಂದು ಕಿಲೋಗೆ ಸ್ವಲ್ಪ ಕಡಿಮೆ ತೂಕ. ಆದರೆ ಬಡಿದು ಕೂರಿಸಿದ ಮೇಲೆ ಹಳಿಯ ಬುಡವನ್ನು ಹೆಚ್ಚುಕಡಿಮೆ ಒಂದು ಟನ್ ಬಲದಲ್ಲಿ ಒತ್ತಿ ಹಿಡಿಯುತ್ತದೆ. ಸ್ಲೀಪರಿಗೆ ನಾಲ್ಕು, ಕಿಲೋಮೀಟರಿಗೆ 6640. ಇವುಗಳನ್ನು ನೋಡಿಕೊಳ್ಳಲು ಕೀಮನ್ ಅಂತ ಒಬ್ಬರು ಇದ್ದಾರೆ. ಸುತ್ತಿಗೆ, ಸ್ಪಾನರ್ ಹಿಡಿದು ದಿನಾ ನಡೆಯುತ್ತಾರೆ. ಹೋಗುವಾಗ ಒಂದು ಹಳಿ, ಬರುವಾಗ ಇನ್ನೊಂದು.

ಕೆಲಸ ಆದ ಮೇಲೆ ಸವೆದ ಕ್ಲಿಪ್ಪುಗಳು ಅಲ್ಲಿ ಇಲ್ಲಿ ಬಿದ್ದಿರುತ್ತವೆ. ಹುಡುಗ ಅಂಥದ್ದನ್ನೇ ಎತ್ತಿಕೊಂಡಿರಬೇಕು. ಬೈಯಬೇಡಿ, ಆದರೆ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ತುಕ್ಕು ಹಿಡಿದದ್ದಾದರೂ ಅದು ರೈಲ್ವೆ ಆಸ್ತಿ. ಅದನ್ನು ಅನಧಿಕೃತವಾಗಿ ಇಟ್ಟುಕೊಳ್ಳುವುದರ ಮೇಲೆ 1966ರ ಕಾಯ್ದೆಯೇ ಇದೆ. ಮಗುವಿನ ಮೇಲೆ ಯಾರೂ ಕೇಸ್ ಹಾಕಲು ಓಡಿಬರುವುದಿಲ್ಲ. ಅವನನ್ನೇ ಕರೆದುಕೊಂಡು ಹೋಗಿ ಗೇಟ್‌ಮನ್ ಕೈಗೆ ಕೊಡಿಸಿ, ಅದು ಏನು ಕೆಲಸ ಮಾಡುತ್ತದೆ ಅಂತ ಅವರ ಬಾಯಲ್ಲೇ ಹೇಳಿಸಿ. ನನಗೆ ಚಿಂತೆಯಾಗಿರುವುದು ಕ್ಲಿಪ್ಪಿನ ಬಗ್ಗೆ ಅಲ್ಲ. ಅದನ್ನು ಎತ್ತಿಕೊಳ್ಳಬೇಕಾದರೆ ಅವನು ಹಳಿ ಪಕ್ಕದ ಜಲ್ಲಿಯ ತನಕ ಹೋಗಿದ್ದಾನೆ. ಯಾವಾಗ, ಯಾರ ಜೊತೆ ಅಂತ ಮೆತ್ತಗೆ ಕೇಳಿ ತಿಳಿದುಕೊಳ್ಳಿ. ರಸ್ತೆ ಬಿಟ್ಟು ಲೈನಿನ ಉದ್ದಕ್ಕೆ ನಡೆಯುವುದು ಅತಿಕ್ರಮ. 1989ರ ರೈಲ್ವೆ ಕಾಯ್ದೆಯ 147ನೇ ಸೆಕ್ಷನ್ನಿನಲ್ಲಿ ಅದಕ್ಕೂ ಶಿಕ್ಷೆಯಿದೆ.

ನಾಣ್ಯ ಇಟ್ಟರೆ ರೈಲು ಉರುಳುತ್ತದೆ ಅನ್ನುವುದು ಸುಳ್ಳು. ಚಪ್ಪಟೆಯಾದ ನಾಣ್ಯ ಅಯಸ್ಕಾಂತ ಆಗುತ್ತದೆ ಅನ್ನುವುದೂ ಸುಳ್ಳು. ಈಗಿನ ಕರೆಂಟ್ ಇಂಜಿನ್ನಿನ ಒಂದೊಂದು ಚಕ್ರದ ಮೇಲೆ ಹತ್ತು ಟನ್ ಭಾರ ಇರುತ್ತದೆ. ನಾಣ್ಯ ಅದಕ್ಕೆ ಲೆಕ್ಕಕ್ಕಿಲ್ಲ. ಆದರೆ ಚಕ್ರದಡಿಯಿಂದ ನಾಣ್ಯ ಸಿಡಿದು ಬಂದರೆ ಕಣ್ಣು ಹೋಗುತ್ತದೆ. ಇಡಲು ಹೋದ ಹುಡುಗ ಸರಿಯಾಗಿ ಕೂರಿಸಬೇಕು ಅಂತ ಅಲ್ಲೇ ಬಗ್ಗಿರುತ್ತಾನೆ, ಅವನ ಬೆನ್ನು ಇನ್ನೊಂದು ಲೈನಿಗೆ. ನಾಣ್ಯ ಹೋಗಿ ನಾಳೆ ಕಲ್ಲು ಆಗುತ್ತದೆ, ಕಲ್ಲು ಇಡುವುದು ಬಹಳ ಗಂಭೀರ ಅಪರಾಧ. ಕ್ಲಾಸಿನ ಬೇರೆ ಹುಡುಗರೂ ಇದ್ದಾರೆ ಅಂತ ಬರೆದಿದ್ದೀರಿ. ಅವರ ಮೇಷ್ಟ್ರಿಗೆ ಒಂದು ಮಾತು ಹೇಳಿ. ಗೇಟ್ ಹತ್ತಿರದ ಶಾಲೆಗೆ ಬಂದು ಮಕ್ಕಳಿಗೆ ತಿಳಿಹೇಳಿ ಅಂದರೆ ರೈಲ್ವೆ ರಕ್ಷಣಾ ಪಡೆಯವರು ಸಾಮಾನ್ಯವಾಗಿ ಇಲ್ಲ ಅನ್ನುವುದಿಲ್ಲ.

ದಾಟುವಾಗ ಹುಡುಗನ ಕಾಲಿನ ಕಡೆಯೂ ಗಮನ ಇರಲಿ. ಗೇಟಿನೊಳಗೆ ಹಳಿಯ ಒಳಬದಿಗೆ ಒಂದು ಸಂದು ಕಾಣುತ್ತದಲ್ಲ, ಅದು ಚಕ್ರದ ಅಂಚು ಹೋಗಲು ಬಿಟ್ಟ ಜಾಗ. ಅಗಲ 51ರಿಂದ 57 ಮಿಲಿಮೀಟರ್. ದೊಡ್ಡವರ ಬೂಟು ಅದರೊಳಗೆ ಇಳಿಯುವುದಿಲ್ಲ, ಮಗುವಿನ ಚಪ್ಪಲಿ, ಸೈಕಲ್ ಟೈರು ಇಳಿಯುತ್ತದೆ. ನೇರವಾಗಿ ಅಡ್ಡ ದಾಟಬೇಕು, ಓರೆಯಾಗಿ ಬೇಡ. ಚಪ್ಪಲಿ ಸಿಕ್ಕಿಕೊಂಡರೆ ಬಿಟ್ಟು ಬಾ ಅಂತ ಮೊದಲೇ ಹೇಳಿಕೊಟ್ಟಿರಿ. ಹೊಸ ಚಪ್ಪಲಿಗೆ ಅಮ್ಮ ಬೈತಾಳೆ ಅಂತ ಮಕ್ಕಳು ನಿಂತುಬಿಡುತ್ತಾರೆ.

ಮೇಲೆ ತಂತಿ ಇದೆ, 25,000 ವೋಲ್ಟ್. ರಸ್ತೆಯ ಎರಡೂ ಕಡೆ ನಿಲ್ಲಿಸಿರುವ ಎತ್ತರದ ಕಂಬದ ಚೌಕಟ್ಟು ಅದಕ್ಕಾಗಿಯೇ, 4.67 ಮೀಟರಿಗಿಂತ ಎತ್ತರದ ಲೋಡು ಒಳಗೆ ಬರದಿರಲಿ ಅಂತ. ಮುಟ್ಟಬೇಕಿಲ್ಲ, ಹತ್ತಿರ ಹೋದರೆ ಸಾಕು, ಕರೆಂಟ್ ಹಾರಿ ಹಿಡಿಯುತ್ತದೆ. ಗಾಳಿಪಟ, ಉದ್ದ ಕೋಲು, ಸೆಲ್ಫಿ ಸ್ಟಿಕ್ ಗೇಟಿನ ಹತ್ತಿರ ಬೇಡವೇ ಬೇಡ.

ಹಾಗಾದರೆ ಎಲ್ಲಿ ನೋಡಲಿ?

ಮೇಲೆ ಹೇಳಿದ ಹಾಗೆ ನಿಂತರೆ ದಿನದ ಸಂಜೆಗೆ ಗೇಟೇ ಸಾಕು. ಅಜ್ಜನ ಕೈ ಬಿಡಬಾರದು ಅಷ್ಟೇ. ಅಜ್ಜನ ಕೈಯಲ್ಲಿ ಮೊಬೈಲ್ ಇರಬಾರದು.

ಹತ್ತಿರದಲ್ಲಿ ಫುಟ್‌ಪಾತ್ ಇರುವ ಮೇಲ್ಸೇತುವೆ ಇದ್ದರೆ ನೋಟ ಇನ್ನೂ ಚೆಂದ. ಇಡೀ ರೈಲು ಬಾಲದ ತನಕ ಕಾಣುತ್ತದೆ. ಆದರೆ ಕೆಳಗೆ ಅದೇ ತಂತಿ. ಜಾಲರಿ ಇಲ್ಲದ ಕಡೆ ನಿಲ್ಲಬೇಡಿ. ನೀರು ಚೆಲ್ಲುವುದು, ಏನಾದರೂ ಬೀಳಿಸುವುದು ಆಗಬಾರದು. ಸ್ಟೇಷನ್‌ಗೆ ಹತ್ತು ರೂಪಾಯಿ ಪ್ಲಾಟ್‌ಫಾರ್ಮ್ ಟಿಕೆಟ್ ತೆಗೆದು ಹೋಗಬಹುದು. ನಿಂತ ಇಂಜಿನ್ ನೋಡಲು ಅದು ಒಳ್ಳೇದು. ನಿಲ್ಲದೆ ಹೋಗುವ ರೈಲುಗಳಿಗೆ ಮಾತ್ರ ಅಲ್ಲಿ ಗೇಟಿಗಿಂತ ಜಾಸ್ತಿ ಹುಷಾರು ಬೇಕು. ಹಳದಿ ಗೆರೆಯ ಹಿಂದೆ ಅಲ್ಲ, ಗೋಡೆಯ ಹತ್ತಿರದ ಬೆಂಚಿನ ಮೇಲೆ ಕೂರಿಸಿ. ರಜೆಯಲ್ಲಿ ಹುಬ್ಬಳ್ಳಿಯ ರೈಲ್ ಮ್ಯೂಸಿಯಂಗೆ ಕರೆದುಕೊಂಡು ಹೋಗಿ, ನಿಮಗೆ ದೂರವೇನಲ್ಲ. ಮೈಸೂರಿನದು 1979ರಿಂದ ಇದೆ, ಹಳೆ ಉಗಿ ಇಂಜಿನ್ನುಗಳನ್ನು ಅಲ್ಲಿ ಮುಟ್ಟಿಯೇ ನೋಡಬಹುದು. ಮುಟ್ಟಿ ನೋಡುವ ಆಸೆ ಅಲ್ಲಿ ತೀರಿದರೆ ಗೇಟಿನಲ್ಲಿ ಮುಂದೆ ನುಗ್ಗುವ ಹಠ ಕಡಿಮೆಯಾಗುತ್ತದೆ. ಇದನ್ನು ನಾನು ಬೇರೆ ಮಕ್ಕಳಲ್ಲೂ ಕಂಡಿದ್ದೇನೆ.

ಅವನಿಗೆ ಒಂದು ನೋಟ್‌ಬುಕ್ ಕೊಡಿ. ಇಂಜಿನ್ ನಂಬರ್, ಎಷ್ಟು ಬೋಗಿ, ಕೊನೆಯ ಬೋಗಿಯ ಹಿಂದೆ ದೊಡ್ಡ ಗುಣಿಸು ಗುರುತು ಮತ್ತು 'ಎಲ್‌ವಿ' ಬೋರ್ಡ್ (ಲಾಸ್ಟ್ ವೆಹಿಕಲ್, ಅಂದರೆ ಕೊನೆಯ ಬೋಗಿ) ಇತ್ತೇ ಅಂತ ಬರೆಯಲಿ. ಆ ಬೋರ್ಡ್ ಕಂಡರೆ ರೈಲು ಪೂರ್ತಿ ಬಂದಿದೆ, ದಾರಿಯಲ್ಲಿ ಕಳಚಿಕೊಂಡಿಲ್ಲ ಅಂತ ಲೆಕ್ಕ. ಗೇಟ್‌ಮನ್ ಬಾವುಟ ಹಿಡಿದು ನಿಂತು ನೋಡುವುದೂ ಇದನ್ನೇ. ಜೊತೆಗೆ ಚಕ್ರದಲ್ಲಿ ಹೊಗೆ ಬರುತ್ತಿದೆಯೇ, ಏನಾದರೂ ನೇತಾಡುತ್ತಿದೆಯೇ ಅಂತಲೂ ನೋಡುತ್ತಾರೆ. ಅಂಥದ್ದು ನಿಮ್ಮ ಕಣ್ಣಿಗೆ ಬಿದ್ದರೆ, ಅಥವಾ ಯಾವುದಾದರೂ ಗಾಡಿ ಹಳಿ ಮೇಲೆ ಸಿಕ್ಕಿಕೊಂಡರೆ, ಮೊದಲು ಗೇಟ್‌ಮನ್‌ಗೆ ಕೂಗಿ ಹೇಳಿ. ಅವರ ಹತ್ತಿರ ಸ್ಟೇಷನ್‌ಗೆ ನೇರ ಫೋನ್ ಇದೆ, ಕೆಂಪು ಬಾವುಟ ಇದೆ, ಹಳಿ ಮೇಲಿಟ್ಟು ಪೈಲಟ್‌ರನ್ನು ಎಚ್ಚರಿಸುವ ಪಟಾಕಿ ಇದೆ. 139ಕ್ಕೆ ಫೋನ್ ಮಾಡುವುದು ಆಮೇಲೆ.

ಇನ್ನು ಮಷೀನು. ಅದನ್ನು ನೋಡಲು ಬಿಡಿ, ಆದರೆ ರೈಲಿಗಿಂತ ದೂರದಿಂದ. ಟೂಲು ಇಳಿಯುವಾಗ ಚೂರು ಕಲ್ಲು ಹಾರುತ್ತದೆ, ಸದ್ದು ಕಿವಿಗೆ ಬಡಿಯುತ್ತದೆ, ಬೇಸಿಗೆಯಲ್ಲಿ ಧೂಳು ವಿಪರೀತ. ದೊಡ್ಡ ಅಪಾಯ ಬೇರೆ ಇದೆ. "ಬ್ಲಾಕ್ ತಗೊಂಡಿದ್ದಾರೆ, ಇವತ್ತು ರೈಲು ಇಲ್ಲ" ಅಂತ ಊರವರು ಲೈನ್ ಮೇಲೆ ಹೋಗಿ ನಿಂತುಬಿಡುತ್ತಾರೆ. ಬ್ಲಾಕ್ ಅಂದರೆ ಕೆಲಸಕ್ಕಾಗಿ ಲೈನಿನಲ್ಲಿ ರೈಲು ಓಡಾಟ ನಿಲ್ಲಿಸುವುದು. ಅದು ಸಾಮಾನ್ಯವಾಗಿ ಒಂದು ಲೈನಿಗೆ ಮಾತ್ರ. ಪಕ್ಕದ ಲೈನಿನಲ್ಲಿ ರೈಲು ಓಡುತ್ತಲೇ ಇರುತ್ತದೆ, ಮಷೀನಿನ ಸದ್ದಿನಲ್ಲಿ ಅದರ ಹಾರ್ನ್ ಕೇಳಿಸುವುದಿಲ್ಲ. ನಮ್ಮ ಕೆಲಸದವರಿಗೇ ಇದು ಎಷ್ಟು ಅಪಾಯ ಅಂದರೆ, ಸೀಟಿ, ಬಾವುಟ ಹಿಡಿದು ಬರುವ ರೈಲನ್ನು ನೋಡುವುದಕ್ಕೆಂದೇ ಒಬ್ಬರನ್ನು ನಿಲ್ಲಿಸುತ್ತೇವೆ. ಸೀಟಿ ಊದಿದ ಕೂಡಲೇ ಎಲ್ಲರೂ ಕೈಲಿದ್ದದ್ದು ಬಿಟ್ಟು ಬದಿಗೆ ಸರಿಯಬೇಕು. ಬ್ಲಾಕ್ ಇರುವ ಲೈನಿನಲ್ಲೂ ಮಷೀನುಗಳು ಒಂದರ ಹಿಂದೊಂದು ಬರುತ್ತವೆ, ಹಿಂದಕ್ಕೂ ಚಲಿಸುತ್ತವೆ, ಜಲ್ಲಿ ಗಾಡಿ ಬರುತ್ತದೆ. ಮೊದಲನೆಯದು ದಾಟಿತು ಅಂತ ಹೆಜ್ಜೆ ಇಟ್ಟರೆ ಎರಡನೆಯದು ಎದುರಿಗೇ.

ಮಷೀನು ಮತ್ತೆ ಬರುವುದು ಮೊದಲೇ ಗೊತ್ತಾಗುತ್ತದೆ. ಗೇಟ್ ಬಂದ್ ಇರುತ್ತದೆ, ಬದಲಿ ದಾರಿ ಬಳಸಿ ಅಂತ ಪೇಪರಿನಲ್ಲಿ ಪ್ರಕಟಣೆ ಬರುತ್ತದೆ, ಗೇಟಿನಲ್ಲೂ ಬರೆದು ಹಾಕುತ್ತಾರೆ. ಆ ದಿನ ಟ್ರ್ಯಾಕ್‌ಮನ್‌ಗಳು ಮೊದಲು ಬಂದು ರಸ್ತೆಗೆ ಹಾಸಿದ ಬ್ಲಾಕುಗಳನ್ನು ಕೀಳಲು ಶುರು ಮಾಡುತ್ತಾರೆ. ಮಷೀನು ಬರುವುದು ಅದಾದ ಮೇಲೆ. ರಾತ್ರಿ ಕತ್ತಲಲ್ಲಿ ಕರೆದುಕೊಂಡು ಹೋಗಬೇಡಿ. ಹಗಲು ಬ್ಲಾಕ್ ಇದ್ದ ದಿನ ನೋಡಿ, ಅಲ್ಲಿನ ಇಂಜಿನಿಯರ್ ಅಥವಾ ಮೇಸ್ತ್ರಿಯವರನ್ನು "ಎಲ್ಲಿ ನಿಲ್ಲಲಿ ಸಾರ್?" ಅಂತ ಕೇಳಿ. ಮಗು ಕುತೂಹಲದಿಂದ ಬಂದಿದೆ ಅಂತ ಗೊತ್ತಾದರೆ ಬೇಡ ಅನ್ನುವವರು ಕಡಿಮೆ. ಅವರು ತೋರಿಸಿದ ಜಾಗದಲ್ಲಿ ನಿಲ್ಲಿ, ಕಿವಿಗೆ ಹತ್ತಿ ಇಡಿ, ಅರ್ಧ ಗಂಟೆ ನೋಡಿ ಬನ್ನಿ. ಅವರು ಬೇಡ ಅಂದರೆ ಯಾಕೆ ಅಂತ ಕೇಳುತ್ತ ನಿಲ್ಲಬೇಡಿ. ಬ್ಲಾಕ್ ಮುಗಿಯುವ ಮುಂಚೆ ಲೈನ್ ಬಿಟ್ಟುಕೊಡಬೇಕಾದ ಹೊತ್ತಿನಲ್ಲಿ ಅವರಿಗೆ ಉತ್ತರ ಹೇಳಲೂ ಪುರುಸೊತ್ತು ಇರುವುದಿಲ್ಲ.